ಡೋಸಿನ ಲೆಕ್ಕದಲ್ಲಿ ದಾರಿ

ಬೆಳಗಾವಿಯ ಗಾಳಿ ತೆಳು. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ವಾಯುಭಾರಮಾಪಕ ಇಟ್ಟರೆ ಅದು ಸಾಮಾನ್ಯವಾಗಿ 925 ಹೆಕ್ಟೋಪಾಸ್ಕಲ್‌ನ ಆಸುಪಾಸು ನಿಲ್ಲುತ್ತದೆ. ಅದೇ ಹೊತ್ತಿಗೆ ಮೊಬೈಲಿನಲ್ಲಿ ಹವಾಮಾನ ನೋಡಿದರೆ 1010 ಎಂದೋ 1012 ಎಂದೋ ಇರುತ್ತದೆ. ಎರಡೂ ಸುಳ್ಳಲ್ಲ. ಹವಾಮಾನದವರು ಊರು ಊರನ್ನು ಹೋಲಿಸಿ ನೋಡಬೇಕಾದ್ದರಿಂದ ಎಲ್ಲ ಊರಿನ ಒತ್ತಡವನ್ನೂ ಸಮುದ್ರಮಟ್ಟದ ಲೆಕ್ಕಕ್ಕೆ ತಂದು ಹೇಳುತ್ತಾರೆ. ಮಳೆಯ ಮುನ್ಸೂಚನೆಗೆ, ವಿಮಾನಕ್ಕೆ ಆ ಸಂಖ್ಯೆಯೇ ಬೇಕು. ಆದರೆ ಕ್ಯಾನ್ಸರ್‌ಗೆ ವಿಕಿರಣ ಕೊಡುವ ಯಂತ್ರವನ್ನು ಅಳೆಯುವವನು ಅದೇ ಸಂಖ್ಯೆಯನ್ನು ತನ್ನ ಲೆಕ್ಕಕ್ಕೆ ಎತ್ತಿಕೊಂಡು, ಆ ಲೆಕ್ಕದಂತೆ ಯಂತ್ರವನ್ನು ಹೊಂದಿಸಿಟ್ಟರೆ, ಮರುದಿನದಿಂದ ಅದರ ಕೆಳಗೆ ಮಲಗುವ ಪ್ರತಿಯೊಬ್ಬರಿಗೂ ಶೇಕಡಾ 9ರಷ್ಟು ಹೆಚ್ಚು ವಿಕಿರಣ ಹೋಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಯಂತ್ರ ಕೆಂಪು ದೀಪ ತೋರಿಸುವುದಿಲ್ಲ, ರೋಗಿಗೆ ಬಿಸಿ ತಾಗುವುದಿಲ್ಲ.

ಇದು ಬರೀ ಊಹೆಯಲ್ಲ. ಎತ್ತರದ ಊರಿನ ಆಸ್ಪತ್ರೆಯೊಂದರಲ್ಲಿ ಹೀಗೆಯೇ ವಿಮಾನ ನಿಲ್ದಾಣದ ಒತ್ತಡವನ್ನು ಬಳಸಿ, ರೋಗಿಗಳಿಗೆ ಶೇಕಡಾ 10ಕ್ಕೂ ಮಿಕ್ಕಿ ಹೆಚ್ಚು ಡೋಸ್ ಹೋದದ್ದನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ದಾಖಲಿಸಿದೆ. ಚಿಕ್ಕೋಡಿಯ ಗುಡ್ಡದಿಂದ ಅಥಣಿಯ ಬಯಲಿಗೆ ಇಳಿದರೂ ಈ ಸಂಖ್ಯೆ ಬದಲಾಗುತ್ತದೆ. ಮಿರಜದಲ್ಲಿ ಒಂದು, ಹುಬ್ಬಳ್ಳಿಯಲ್ಲಿ ಇನ್ನೊಂದು. ಪ್ರತಿ ಊರಿನವರೂ ತಮ್ಮ ಕೋಣೆಯ ಗಾಳಿಯನ್ನು ತಾವೇ ಅಳೆದುಕೊಳ್ಳಬೇಕು.

ನಾನು ಈ ಅಳತೆಯ ಕೆಲಸದವನು. ಆಸ್ಪತ್ರೆಯಲ್ಲಿ ನಮ್ಮನ್ನು ಮೆಡಿಕಲ್ ಫಿಸಿಸಿಸ್ಟ್ ಎನ್ನುತ್ತಾರೆ. ರೋಗಿಗಳಿಗೆ ನಮ್ಮ ಹೆಸರೂ ಗೊತ್ತಿರುವುದಿಲ್ಲ, ಮುಖವೂ ಗೊತ್ತಿರುವುದಿಲ್ಲ. ಅವರು ಬರುವ ಮೊದಲೇ ನಮ್ಮ ಮುಖ್ಯ ಕೆಲಸ ಮುಗಿದಿರುತ್ತದೆ. ಮಂಚದ ಮೇಲೆ ರೋಗಿಯ ಬದಲು ನೀರಿನ ತೊಟ್ಟಿ ಇಡುತ್ತೇವೆ. ಮನುಷ್ಯನ ಮೈ ಬಹುಪಾಲು ನೀರೇ ಆದ್ದರಿಂದ ನೀರಿನಲ್ಲಿ ಅಳೆದದ್ದು ಮೈಗೂ ಹೊಂದುತ್ತದೆ. ನೀರಿನ ಮೇಲ್ಮೈಯಿಂದ ಸರಿಯಾಗಿ 10 ಸೆಂಟಿಮೀಟರ್ ಆಳದಲ್ಲಿ ಅಯಾನ್ ಚೇಂಬರ್ ಎಂಬ ಸಣ್ಣ ಕೊಳವೆ ನಿಲ್ಲಿಸುತ್ತೇವೆ. ಅದರೊಳಗೆ 0.6 ಘನ ಸೆಂಟಿಮೀಟರ್ ಗಾಳಿ, ನಡುವೆ ಒಂದು ಸರಳು. ವಿಕಿರಣ ಬಿದ್ದಾಗ ಆ ಗಾಳಿಯ ಕಣಗಳಿಂದ ವಿದ್ಯುತ್ ಕಣಗಳು ಬೇರ್ಪಡುತ್ತವೆ, ಹೊರಗಿನ ಎಲೆಕ್ಟ್ರೋಮೀಟರ್ ಅವನ್ನು ಎಣಿಸುತ್ತದೆ. ಗಾಳಿ ತೆಳುವಾದರೆ ಕಣ ಕಡಿಮೆ, ಓದು ಕಡಿಮೆ. ಮುಂಬಯಿಯಲ್ಲಿ 12.3 ನ್ಯಾನೊಕೂಲಂ ತೋರಿಸುವ ಕಿರಣ ಬೆಳಗಾವಿಯಲ್ಲಿ ಸುಮಾರು 11.2 ತೋರಿಸುತ್ತದೆ. ಕಿರಣ ಅದೇ, ಕೊಳವೆಯೊಳಗಿನ ಗಾಳಿ ಬೇರೆ. ಹಾಗಾಗಿ ಉಷ್ಣತೆಯನ್ನೂ ಒತ್ತಡವನ್ನೂ ಬರೆದುಕೊಂಡು, 20 ಡಿಗ್ರಿ ಮತ್ತು 1013.25 ಹೆಕ್ಟೋಪಾಸ್ಕಲ್‌ನ ಗಾಳಿಗೆ ಲೆಕ್ಕವನ್ನು ತಿದ್ದಬೇಕು. ನಮ್ಮ ಎತ್ತರದಲ್ಲಿ ಆ ತಿದ್ದುಪಡಿ ಸುಮಾರು 1.10 ಆಗುತ್ತದೆ.

ಯಂತ್ರದ ಬಗ್ಗೆಯೂ ಎರಡು ಮಾತು. ಲಿನಿಯರ್ ಆಕ್ಸಿಲರೇಟರ್ ಒಳಗೆ ಇಲೆಕ್ಟ್ರಾನುಗಳನ್ನು ಮೈಕ್ರೋವೇವ್ ತರಂಗಗಳಿಂದ ಓಡಿಸಿ ಟಂಗ್‌ಸ್ಟನ್ ತಗಡಿಗೆ ಬಡಿಸುತ್ತಾರೆ, ಅಲ್ಲಿಂದ ಎಕ್ಸ್-ರೇ ಹೊರಡುತ್ತದೆ. ದಾರಿಯಲ್ಲಿ ಯಂತ್ರದ್ದೇ ಒಂದು ಚೇಂಬರ್ ಕುಳಿತು ಎಷ್ಟು ಹೋಯಿತೆಂದು ಎಣಿಸುತ್ತದೆ. ಅದರ ಎಣಿಕೆಗೆ ಮಾನಿಟರ್ ಯೂನಿಟ್ ಎಂದು ಹೆಸರು. ಅಷ್ಟು ಯೂನಿಟ್ ಆದ ಕೂಡಲೇ ಕಿರಣ ನಿಲ್ಲುತ್ತದೆ. ಆದರೆ ಒಂದು ಯೂನಿಟ್ ಎಂದರೆ ಮನುಷ್ಯನ ಮೈಯಲ್ಲಿ ಎಷ್ಟು ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ನಾವು ನೀರಿನಲ್ಲಿ ಅಳೆದು ಹೊಂದಿಸಿಕೊಡಬೇಕು. ಬಹುತೇಕ ಕಡೆ 10 ಸೆಂಟಿಮೀಟರ್ ಚೌಕದ ಕಿರಣಕ್ಕೆ, 100 ಸೆಂಟಿಮೀಟರ್ ದೂರಕ್ಕೆ, ಅತಿ ಹೆಚ್ಚು ಡೋಸ್ ಬೀಳುವ ಆಳದಲ್ಲಿ 1 ಯೂನಿಟ್‌ಗೆ 1 ಸೆಂಟಿಗ್ರೇ ಎಂದು ಹೊಂದಿಸುತ್ತಾರೆ. ಮುಂದಿನ ಲೆಕ್ಕವೆಲ್ಲ ಈ ಒಂದು ಸಂಖ್ಯೆಯ ಮೇಲೆ ನಿಂತಿದೆ. ಇದು ಶೇಕಡಾ 5 ತಪ್ಪಿದರೆ ಕಂಪ್ಯೂಟರಿನ ಎಷ್ಟೇ ಚೆಂದದ ಪ್ಲಾನ್ ಇದ್ದರೂ ಶೇಕಡಾ 5 ತಪ್ಪುತ್ತದೆ.

ರಾಯಬಾಗ ಕಡೆಯ ಕಬ್ಬಿನ ರೈತರೊಬ್ಬರು ಗಂಟಲ ಕ್ಯಾನ್ಸರ್‌ಗೆ ಕರೆಂಟ್ ತೆಗೆದುಕೊಳ್ಳುತ್ತಿದ್ದರು. ನಮ್ಮ ಕಡೆ ಜನ ರೇಡಿಯೇಷನ್ ಚಿಕಿತ್ಸೆಗೆ ಕರೆಂಟ್ ಎಂದೇ ಹೇಳುವುದು. ಒಂದು ದಿನ ಕೋಣೆಯಿಂದ ಹೊರಬಂದು ನನ್ನನ್ನು ನಿಲ್ಲಿಸಿ ಕೇಳಿದರು: "ಅಲ್ರೀ ಸರ, ನನಗೇನೂ ಹತ್ತಿದ್ದು ಗೊತ್ತಾಗಂಗಿಲ್ಲ. ಎಷ್ಟ್ ಕೊಟ್ರಿ ಅಂತ ನಿಮಗರ ಹೆಂಗ್ ಗೊತ್ತಾಗತೈತಿ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಪರೀಕ್ಷೆಯ ಮೌಖಿಕದಲ್ಲೂ ಕೇಳಿಲ್ಲ. ಈ ಪ್ರಶ್ನೆ ಆ ಭಾಗದವರಿಂದಲೇ ಬಂತೆಂಬುದು ನನಗೆ ಆಶ್ಚರ್ಯವೂ ಅಲ್ಲ. ಕಬ್ಬು ಬೆಳೆಯುವವನು ವರ್ಷವಿಡೀ ದುಡಿದು ಟ್ರಾಕ್ಟರ್ ತುಂಬಿ ಕಳಿಸುತ್ತಾನೆ. ತೂಕ ಮಾಡುವ ಕಾಟಾ ಕೊಳ್ಳುವವನದ್ದೇ. ಅಲ್ಲಿ ಬಂದ ಸಂಖ್ಯೆಯ ಮೇಲೆ ಅವನ ವರ್ಷ ನಿಂತಿರುತ್ತದೆ, ಹಾಗಾಗಿ ಹೊರಗಿನ ಕಾಟಾದಲ್ಲಿ ಒಮ್ಮೆ ತೂಗಿಸಿ ನೋಡಬೇಕೆಂದು ರೈತ ಸಂಘಟನೆಗಳು ಕೇಳುತ್ತಲೇ ಬಂದಿವೆ. ನಿಪ್ಪಾಣಿಯ ತಂಬಾಕಿನವರಿಗಂತೂ ಬೆಲೆ, ತೂಕ, ದರ್ಜೆಯ ಮಾತು ಇನ್ನೂ ಹಳೆಯದು. 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಕುಳಿತರು, ಪೊಲೀಸರ ಗುಂಡಿಗೆ ರೈತರು ಜೀವ ಕಳೆದುಕೊಂಡರು. ಇನ್ನೊಬ್ಬರ ಕೈಯಲ್ಲಿರುವ ಅಳತೆಯನ್ನು ಹಾಗೇ ನಂಬಬಾರದೆಂದು ಕಲಿತ ಜನ ಇವರು.

ಕಬ್ಬಿನ ತೂಕಕ್ಕೆ ಹೊರಗೆ ಇನ್ನೊಂದು ಕಾಟಾ ಆದರೂ ಇದೆ. ಗಂಟಲಿಗೆ ಬಿದ್ದ ಡೋಸನ್ನು ರೋಗಿ ಎಲ್ಲಿ ತೂಗಿಸಬೇಕು? ಒಂದು ಗ್ರೇ ಎಂದರೆ ಒಂದು ಕಿಲೋ ಮೈಯಲ್ಲಿ ಒಂದು ಜೌಲ್ ಶಕ್ತಿ. ಬ್ರಿಟಿಷ್ ವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ಹೆಸರನ್ನು 1975ರಲ್ಲಿ ಈ ಮಾನಕ್ಕೆ ಇಟ್ಟರು. ಅದೆಷ್ಟು ಸಣ್ಣದೆಂದರೆ ಒಂದು ಗ್ರೇ ನೀರಿನ ಉಷ್ಣತೆಯನ್ನು 0.00024 ಡಿಗ್ರಿ ಏರಿಸುತ್ತದೆ. ಗಂಟಲ ಕ್ಯಾನ್ಸರ್‌ಗೆ ಏಳು ವಾರದಲ್ಲಿ ಕೊಡುವ 70 ಗ್ರೇಯನ್ನು ಒಟ್ಟಿಗೆ ಸೇರಿಸಿದರೂ ಒಂದು ಡಿಗ್ರಿಯ ಐವತ್ತನೇ ಒಂದು ಭಾಗದಷ್ಟೂ ಬಿಸಿಯಾಗುವುದಿಲ್ಲ. ಅಷ್ಟರಲ್ಲಿ ಗೆಡ್ಡೆ ಸಾಯಬಹುದು, ಬಾಯಿ ಹುಣ್ಣಾಗಬಹುದು, ಅಳತೆ ಮೀರಿದರೆ ದವಡೆಯ ಮೂಳೆ ಕೊಳೆಯಬಹುದು. ಮನುಷ್ಯನ ಯಾವ ಇಂದ್ರಿಯಕ್ಕೂ ಅದು ಸಿಗುವುದಿಲ್ಲ.

ಆ ರೈತರನ್ನು ಮರುದಿನ ಬೆಳಗ್ಗೆ ಬೇಗ ಬರಲು ಹೇಳಿ ತೊಟ್ಟಿ ತೋರಿಸಿದೆ. ಕಂಟ್ರೋಲ್ ಕೋಣೆಯಲ್ಲಿ ಕೂರಿಸಿ ಎಲೆಕ್ಟ್ರೋಮೀಟರ್‌ನ ಅಂಕಿ ಏರುವುದನ್ನು ತೋರಿಸಿದೆ. 100 ಯೂನಿಟ್, ಒಂದು ಓದು. ಮತ್ತೆ 100, ಮತ್ತೊಂದು ಓದು. ಮೂರನೇ ಸಲವೂ ಅದೇ ಅಂಕಿ ಬಂದಾಗ ಅವರು ತಲೆಯಾಡಿಸಿದರು. ಆಮೇಲೆ ಕೇಳಿದ್ದು: "ಈ ಡಬ್ಬಿ ಖರೇ ಹೇಳತೈತಿ ಅಂತ ಯಾರ್ ಹೇಳ್ಯಾರ?"

ಅದಕ್ಕೂ ಉತ್ತರವಿದೆ. ನಮ್ಮ ಚೇಂಬರ್ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಮಾನಕಕ್ಕೆ ಹೋಲಿಸಿ ತಿದ್ದಲ್ಪಟ್ಟು, ಒಂದು ಪ್ರಮಾಣಪತ್ರ ಹೊತ್ತು ಬರುತ್ತದೆ. ಅಲ್ಲಿನ ಮಾನಕವನ್ನು ಹೊರದೇಶಗಳ ಮಾನಕಗಳೊಂದಿಗೆ ಹೋಲಿಸುತ್ತಾರೆ. ಲೆಕ್ಕದ ವಿಧಾನ ನಮ್ಮದಲ್ಲ. ಟಿಆರ್‌ಎಸ್-398 ಎಂಬ ಅಂತರರಾಷ್ಟ್ರೀಯ ಕೈಪಿಡಿ 2000ದಲ್ಲಿ ಬಂತು, ಅದನ್ನು ಹಿಡಿದೇ ಅಳೆಯಬೇಕು. ಇಷ್ಟಾದ ಮೇಲೂ ನಮ್ಮ ಮಾತನ್ನು ನಂಬಿ ಬಿಡುವುದಿಲ್ಲ. ಟ್ರಾಂಬೆಯಿಂದ ಅಂಚೆಯಲ್ಲಿ ಸಣ್ಣ ಕ್ಯಾಪ್ಸೂಲುಗಳು ಬರುತ್ತವೆ. ಅವಕ್ಕೆ ಇಂತಿಷ್ಟು ಡೋಸ್ ಕೊಟ್ಟು ಮರಳಿ ಕಳಿಸಬೇಕು. ನಾವು ಕೊಟ್ಟೆವೆಂದು ಬರೆದದ್ದಕ್ಕೂ ಅಲ್ಲಿ ಕಂಡದ್ದಕ್ಕೂ ಹೊಂದಿಕೆ ಇದೆಯೇ ಎಂದು ಅವರು ನೋಡುತ್ತಾರೆ. ಜಗತ್ತಿನ ಮಟ್ಟದಲ್ಲಿ ಇಂಥ ಅಂಚೆ ಪರೀಕ್ಷೆ 1969ರಿಂದ ನಡೆದಿದೆ. "ಹಂಗಾರ ಹೊರಗಿನ ಕಾಟಾ ಐತಿ ಅನ್ರಿ" ಎಂದು ಅವರು ಎದ್ದರು.

ಇದೆ. ಇರಲೇಬೇಕು. ಯಾಕೆಂದರೆ ಈ ವಿದ್ಯೆಯ ಇತಿಹಾಸದಲ್ಲಿ ಆದ ದೊಡ್ಡ ಅನಾಹುತಗಳನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಅವುಗಳಲ್ಲಿ ಬಹುಪಾಲು ಗಣಿತ ಏಳನೇ ಕ್ಲಾಸಿನದು. 1974ರಿಂದ 76ರವರೆಗೆ ಅಮೆರಿಕದ ಕೊಲಂಬಸ್ ನಗರದಲ್ಲಿ ಕೋಬಾಲ್ಟ್ ಯಂತ್ರವೊಂದನ್ನು ಸುಮಾರು ಎರಡು ವರ್ಷ ಅಳೆಯಲೇ ಇಲ್ಲ. ಕೋಬಾಲ್ಟ್ ತಿಂಗಳಿಗೆ ಶೇಕಡಾ 1ರಷ್ಟು ಸವೆಯುತ್ತದೆ. ಆ ಸವೆತವನ್ನು ತಪ್ಪು ಬಗೆಯ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು ಅಂದಾಜಿಸಿದರು. ಗೆರೆ ನಿಜಕ್ಕಿಂತ ಕೆಳಗೆ ಇಳಿಯುತ್ತ ಹೋಯಿತು, ರೋಗಿಗಳಿಗೆ ಹೆಚ್ಚು ಹೊತ್ತು ಕಿರಣ ಬಿತ್ತು. 426 ಮಂದಿಗೆ ಅತಿ ಡೋಸ್ ಹೋಯಿತು. 1988ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹೊಸ ಕೋಬಾಲ್ಟ್ ಹಾಕಿ ಅಳೆಯುವಾಗ 0.8 ನಿಮಿಷದ ಓದನ್ನು ಒಂದು ನಿಮಿಷದ್ದೆಂದು ಹಿಡಿದರು. 207 ಮಂದಿಗೆ ಶೇಕಡಾ 25 ಹೆಚ್ಚು. 1996ರಲ್ಲಿ ಕೋಸ್ಟಾರಿಕಾದ ಸ್ಯಾನ್ ಹೋಸೆಯಲ್ಲಿ 0.3 ನಿಮಿಷವನ್ನು, ಅಂದರೆ 18 ಸೆಕೆಂಡನ್ನು, 30 ಸೆಕೆಂಡ್ ಎಂದು ಓದಿದರು. 115 ಮಂದಿ. ಹಲವರು ಸತ್ತರು.

ಮೂರೂ ಕಡೆ ಯಂತ್ರ ಕೆಟ್ಟಿರಲಿಲ್ಲ. ಇನ್ನೊಬ್ಬರು ಇನ್ನೊಂದು ಚೇಂಬರ್ ಹಿಡಿದು ಒಮ್ಮೆ ಅಳೆದಿದ್ದರೆ ಅರ್ಧ ಗಂಟೆಯಲ್ಲಿ ಸಿಗುತ್ತಿದ್ದ ತಪ್ಪುಗಳು. ಹಾಗಾಗಿ ಎರಡನೆಯವರು ಬಂದು ನನ್ನ ಲೆಕ್ಕ ನೋಡಿದಾಗ ನನಗೆ ಅವಮಾನವಾಗುವುದಿಲ್ಲ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೂ ಇದನ್ನೇ ಹೇಳುತ್ತೇನೆ: ಹಿರಿಯರ ಲೆಕ್ಕವೆಂದು ಬಿಡಬೇಡಿ, ಮೊದಲಿನಿಂದ ಮಾಡಿ. ಇಪ್ಪತ್ತು ಸೆಂಟಿಮೀಟರ್ ದಪ್ಪದ ಮೈಯ ನಡುವೆ, ಅಂದರೆ 10 ಸೆಂಟಿಮೀಟರ್ ಆಳಕ್ಕೆ, ಎದುರು ಬದುರಿನಿಂದ ಎರಡು ಕಿರಣದಲ್ಲಿ 200 ಸೆಂಟಿಗ್ರೇ ಬೇಕು ಎನ್ನಿ. ಒಂದೊಂದರಿಂದ 100. ಆರು ಮೆಗಾವೋಲ್ಟ್ ಕಿರಣದಲ್ಲಿ ಅಷ್ಟು ಆಳಕ್ಕೆ ಮುಟ್ಟುವುದು ಸುಮಾರು ಶೇಕಡಾ 67. ನೂರನ್ನು 0.67ರಿಂದ ಭಾಗಿಸಿದರೆ 149 ಯೂನಿಟ್. ಇಂದಿನ ಕಂಪ್ಯೂಟರ್ ನೂರಾರು ತುಣುಕು ಕಿರಣಗಳನ್ನು ಕೂಡಿಸಿ ಲೆಕ್ಕ ಕೊಡುತ್ತದೆ, ಅದನ್ನು ಕೈಯಲ್ಲಿ ಮಾಡಲಾಗುವುದಿಲ್ಲ ನಿಜ. ಆದರೆ ಕಂಪ್ಯೂಟರ್ 149ರ ಜಾಗದಲ್ಲಿ 190 ಕೊಟ್ಟಾಗ ಹುಬ್ಬು ಏರಿಸಲು ಈ ಭಾಗಾಕಾರ ರಕ್ತದಲ್ಲಿ ಇರಬೇಕು.

ಈ ಅನಾಹುತಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಇಂಗ್ಲೆಂಡಿನದ್ದೇ, ನಾರ್ತ್ ಸ್ಟಾಫರ್ಡ್‌ಶೈರ್‌ನ ಆಸ್ಪತ್ರೆಯದು. 1982ರಲ್ಲಿ ಅಲ್ಲಿ ಕಂಪ್ಯೂಟರ್ ಪ್ಲಾನಿಂಗ್ ಬಂತು. ರೋಗಿಯ ದೂರ ಬದಲಾದರೆ ಯೂನಿಟ್ ತಿದ್ದುವ ರೂಢಿ ಮೊದಲಿನಿಂದ ಇತ್ತು. ಹೊಸ ಕಂಪ್ಯೂಟರ್ ಆ ತಿದ್ದುಪಡಿಯನ್ನು ತಾನೇ ಮಾಡುತ್ತಿತ್ತು. ಸಿಬ್ಬಂದಿಯೂ ಮಾಡಿದರು. ಒಂದೇ ತಿದ್ದುಪಡಿ ಎರಡು ಸಲ. ಒಂಬತ್ತು ವರ್ಷ, ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಡೋಸ್ ಕಡಿಮೆ ಹೋಯಿತು, ಕೆಲವರಿಗೆ ಶೇಕಡಾ 30ರವರೆಗೂ. 1991ರವರೆಗೆ ಯಾರ ಗಮನಕ್ಕೂ ಬರಲಿಲ್ಲ. ಎಕ್ಸೆಟರ್‌ನಲ್ಲಿ, ಕೋಸ್ಟಾರಿಕಾದಲ್ಲಿ ಆರು ತಿಂಗಳೊಳಗೆ ತಪ್ಪು ಹೊರಬಿತ್ತು. ಇಲ್ಲಿ ಯಾಕೆ ಒಂಬತ್ತು ವರ್ಷ? ಹೆಚ್ಚು ಡೋಸ್ ಚರ್ಮದ ಮೇಲೆ ಕಾಣುತ್ತದೆ, ರೋಗಿ ನರಳುತ್ತಾನೆ, ವೈದ್ಯರು ಪ್ರಶ್ನೆ ಕೇಳುತ್ತಾರೆ. ಕಡಿಮೆ ಡೋಸಿನಲ್ಲಿ ರೋಗಿ ಹಾಯಾಗಿರುತ್ತಾನೆ. ಬಾಯಿ ಹುಣ್ಣಾಗಲಿಲ್ಲವೆಂದು ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ. ವರ್ಷದ ಮೇಲೆ ಗೆಡ್ಡೆ ತಿರುಗಿ ಬಂದಾಗ ಕ್ಯಾನ್ಸರ್ ಅಲ್ಲವೇ, ಬರುವುದೇ ಹಾಗೆ ಎಂದು ಎಲ್ಲರೂ ಒಪ್ಪಿಕೊಂಡುಬಿಡುತ್ತಾರೆ.

ಕಡಿಮೆ ಡೋಸ್ ಹೀಗೆ ಸದ್ದಿಲ್ಲದೆ ಕೊಲ್ಲುತ್ತದೆ ಎಂಬುದು ಮನಸ್ಸಿಗೆ ಇಳಿದ ಮೇಲೆ ನಾನು ನಮ್ಮ ರೋಗಿಗಳ ಹಾಜರಿ ಪಟ್ಟಿಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರು ಈ ಚಿಕಿತ್ಸೆಗೆ ಯಾವ ಕಡೆ ಹೋಗುತ್ತಾರೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕಾಗವಾಡದವರಿಗೆ ಮಿರಜ ಮನೆಯಂಗಳ. ಡಾಕ್ಟರ್ ವಾನ್‌ಲೆಸ್ 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ತೆರೆದಾಗಿನಿಂದ ಈ ಭಾಗದ ಜನಕ್ಕೆ ದೊಡ್ಡ ಕಾಯಿಲೆ ಎಂದರೆ ಮಿರಜದ ದಾರಿ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಚಿಕ್ಕೋಡಿಯವರು ಬೆಳಗಾವಿಗೆ ಬರುತ್ತಾರೆ. 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಇಲ್ಲಿ ಕೆಎಲ್ಇ ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದ ಮೇಲೆ ದಾರಿ ಇನ್ನೊಂದು ತೆರೆದಿದೆ. ಕೆಲವರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ರೇಷನ್ ಕಾರ್ಡ್ ಯಾವ ರಾಜ್ಯದ್ದು, ಯಾವ ಯೋಜನೆ ಎಲ್ಲಿ ನಡೆಯುತ್ತದೆ ಎಂಬುದೂ ದಾರಿಯನ್ನು ತಿರುಗಿಸುತ್ತದೆ. ರಾಯಬಾಗ, ಕುಡಚಿ, ಉಗಾರ, ಶೇಡಬಾಳದವರಿಗೆ ಮಿರಜ ರೈಲು ಇದೆ. ಅಥಣಿಯ ಒಳಹಳ್ಳಿಗಳವರಿಗೆ ಬಸ್ಸು, ಬಸ್ಸಿಗೆ ಮೊದಲು ಯಾರದ್ದೋ ಬೈಕು.

ಹೋಗಿಬರುವುದು ಒಂದು ದಿನದ ಮಾತಲ್ಲ. ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, 35 ಸಲ. ಒಂದು ಸಲಕ್ಕೆ ಮಂಚದ ಮೇಲೆ ಹತ್ತು ಹದಿನೈದು ನಿಮಿಷ, ಅದಕ್ಕಾಗಿ ಇಡೀ ದಿನ. ನಡುವೆ ಕಬ್ಬಿನ ಕಟಾವಿನ ಗ್ಯಾಂಗ್ ಬರುತ್ತದೆ, ಅವತ್ತು ಹೊಲದಲ್ಲಿ ಇರಲೇಬೇಕು. ನಿಪ್ಪಾಣಿಯ ವಖಾರಿನಲ್ಲಿ ತಂಬಾಕು ಹಸನು ಮಾಡುವ, ಮನೆಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ಚಿಂಚಲಿ ಮಾಯಕ್ಕನ ಜಾತ್ರೆ, ಮಗಳ ಬಾಣಂತನ, ಮನೆಯಲ್ಲೊಂದು ಸಾವು. ಕೃಷ್ಣೆ ಬಂದರೆ ಕೇಳುವುದೇ ಬೇಡ. 2019ರ ಆಗಸ್ಟ್‌ನಲ್ಲಿ ಈ ತಾಲ್ಲೂಕುಗಳ ನದೀತೀರದ ಹಳ್ಳಿಗಳು ದ್ವೀಪಗಳಾದವು, ಸೇತುವೆಗಳು ಮುಳುಗಿದವು, ಪುಣೆ–ಬೆಂಗಳೂರು ಹೆದ್ದಾರಿಯೂ ದಿನಗಟ್ಟಲೆ ನಿಂತಿತು. ಜೀವ ಉಳಿಸಿಕೊಂಡು ಗಂಜಿ ಕೇಂದ್ರದಲ್ಲಿ ಕುಳಿತವರ ನಡುವೆ ಚಿಕಿತ್ಸೆ ಅರ್ಧಕ್ಕೆ ನಿಂತವರೂ ಇದ್ದಿರಲೇಬೇಕು.

ತಪ್ಪಿದ ದಿನಕ್ಕೆ ಬೆಲೆ ಕಟ್ಟಲು ಬರುತ್ತದೆ, ಅದೂ ನಮ್ಮದೇ ಮಾನದಲ್ಲಿ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಮೊದಲ ಮೂರು ನಾಲ್ಕು ವಾರ ಕಳೆದ ಮೇಲೆ, ಉಳಿದ ಗೆಡ್ಡೆಯ ಜೀವಕಣಗಳು ಏಟು ತಿಂದು ಸುಮ್ಮನಿರದೆ ಮೊದಲಿಗಿಂತ ಬೇಗ ಬೇಗ ಒಡೆದು ಹೆಚ್ಚುತ್ತವೆ. 1988ರಲ್ಲಿ ವಿದರ್ಸ್ ಮತ್ತು ಸಂಗಡಿಗರು ಬಹಳಷ್ಟು ಆಸ್ಪತ್ರೆಗಳ ಫಲಿತಾಂಶ ಕೂಡಿಸಿ ನೋಡಿ ಒಂದು ಅಂದಾಜು ಕೊಟ್ಟರು: ಆ ಹಂತದಲ್ಲಿ ಚಿಕಿತ್ಸೆ ಒಂದು ದಿನ ಲಂಬಿಸಿದರೆ ಅದನ್ನು ಸರಿದೂಗಿಸಲು ಸುಮಾರು 0.6 ಗ್ರೇ ಹೆಚ್ಚು ಬೇಕು. ಗೆಡ್ಡೆ ಹತೋಟಿಗೆ ಬರುವ ಸಾಧ್ಯತೆ ದಿನವೊಂದಕ್ಕೆ ಶೇಕಡಾ 1ರಿಂದ 1.4ರಷ್ಟು ಇಳಿಯುತ್ತದೆಂದು ನಂತರದ ಅಧ್ಯಯನಗಳು ಹೇಳಿದವು.

ಈಗ ಎರಡು ಲೆಕ್ಕವನ್ನು ಪಕ್ಕಪಕ್ಕ ಇಡುತ್ತೇನೆ. ನಮ್ಮ ತಿಂಗಳ ಅಳತೆಯಲ್ಲಿ ಯಂತ್ರದ ಔಟ್‌ಪುಟ್ ಶೇಕಡಾ 2ಕ್ಕಿಂತ ಹೆಚ್ಚು ಸರಿದಿದ್ದರೆ ಯಂತ್ರ ನಿಲ್ಲಿಸಿ ತಿದ್ದುತ್ತೇವೆ. 70 ಗ್ರೇಯಲ್ಲಿ ಶೇಕಡಾ 2 ಎಂದರೆ 1.4 ಗ್ರೇ. ಅಷ್ಟು ತಪ್ಪಬಾರದೆಂದು ವಾಯುಭಾರ, ನೀರಿನ ಉಷ್ಣತೆ, ಮಿಲಿಮೀಟರಿನ ಆಳ, ಟ್ರಾಂಬೆಯ ಕ್ಯಾಪ್ಸೂಲು. ಐದನೇ ವಾರದಲ್ಲಿ ರೋಗಿ ಐದು ದಿನ ಬರಲಿಲ್ಲ ಎನ್ನಿ, ಆಮೇಲೆ ಬಂದು ಉಳಿದದ್ದನ್ನು ಮುಗಿಸಿಕೊಂಡ ಎನ್ನಿ. ಒಟ್ಟು ಚಿಕಿತ್ಸೆ ಒಂದು ವಾರ ಲಂಬಿಸಿತು. ಏಳು ದಿನಕ್ಕೆ 0.6ರಂತೆ 4.2 ಗ್ರೇ. ಶೇಕಡಾ 6. ಕಾಗದದ ಮೇಲೆ ಆತನ 70 ಗ್ರೇ ಪೂರ್ತಿಯಾಗಿದೆ, 35ಕ್ಕೆ 35 ಸಹಿ ಬಿದ್ದಿವೆ. ಗೆಡ್ಡೆಗೆ ತಟ್ಟಿದ್ದು ಸುಮಾರು 66ರ ಪರಿಣಾಮ ಮಾತ್ರ. ಯಂತ್ರ ಇಷ್ಟು ಕಡಿಮೆ ಕೊಟ್ಟಿದ್ದರೆ ಆಡಿಟ್ ಪತ್ರ ಬರುತ್ತಿತ್ತು, ವಿಚಾರಣೆ ನಡೆಯುತ್ತಿತ್ತು, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ವರದಿ ಹೋಗುತ್ತಿತ್ತು. ದಾರಿ ಇಷ್ಟು ಕಡಿಮೆ ಕೊಟ್ಟರೆ ಯಾರೂ ಕೇಳುವುದಿಲ್ಲ. ಸ್ಟಾಫರ್ಡ್‌ಶೈರ್‌ನಲ್ಲಿ ಒಂಬತ್ತು ವರ್ಷ ನಡೆದದ್ದು ಇದೇ ಬಗೆಯ ಕೊರತೆ, ಕಾರಣ ಬೇರೆ.

ನಾನು ಭೌತಶಾಸ್ತ್ರದವನು, 0.6 ಎಂಬ ಸಂಖ್ಯೆಯ ಬಗ್ಗೆ ನನಗೆ ಸಂಕೋಚವೂ ಇದೆ. ಅದು ನೀರಿನ ತೊಟ್ಟಿಯಲ್ಲಿ ಅಳೆದದ್ದಲ್ಲ. ಬೇರೆ ಬೇರೆ ದೇಶಗಳ ಸಾವಿರಾರು ರೋಗಿಗಳ ಸರಾಸರಿ. ಒಬ್ಬೊಬ್ಬರ ಗೆಡ್ಡೆ ಒಂದೊಂದು ಥರ, ಎಲ್ಲ ಕ್ಯಾನ್ಸರ್‌ಗೂ ಈ ಲೆಕ್ಕ ಹೊಂದುವುದಿಲ್ಲ. ಆದರೂ ಸ್ತನ ಕ್ಯಾನ್ಸರ್‌ಗೆ ಹೊಂದದಿದ್ದರೇನು, ಮಾವಾ ಗುಟ್ಕಾ ಅಗಿದು ಬಾಯಿ ಕಳೆದುಕೊಂಡು ಬರುವವರಿಗೆ ಹೊಂದುತ್ತದೆ, ಗರ್ಭಕಂಠದ ಕ್ಯಾನ್ಸರ್‌ಗೂ ಸಮಯ ಮುಖ್ಯವೆಂದು ಗೊತ್ತಿದೆ. ನಮ್ಮಲ್ಲಿಗೆ ಬರುವವರಲ್ಲಿ ಇವರೇ ಹೆಚ್ಚು. ಸರಿಯಾಗಿ ಅಳೆಯಲು ಬರುವುದಿಲ್ಲವೆಂದು ದೊಡ್ಡ ತಪ್ಪನ್ನು ಬಿಟ್ಟು, ಸರಿಯಾಗಿ ಅಳೆಯಲು ಬರುತ್ತದೆಂದು ಸಣ್ಣ ತಪ್ಪಿನ ಹಿಂದೆ ಬೀಳುವುದು ನನ್ನಂಥವರಿಗೆ ಬಹಳ ಸುಲಭ. ಮೂರನೇ ದಶಮಾಂಶ ಸ್ಥಾನದಲ್ಲಿ ಒಂದು ನೆಮ್ಮದಿ ಇದೆ. ಅಲ್ಲಿ ಬಸ್ಸು ತಪ್ಪುವುದಿಲ್ಲ.

ಡೋಸ್ ಎಂಬುದು ಯಂತ್ರದ ಗುಣವಲ್ಲ, ರೋಗಿಯ ಏಳು ವಾರದ ಬದುಕಿನ ಗುಣ ಎಂದು ನಾನೀಗ ಒಪ್ಪಿಕೊಂಡಿದ್ದೇನೆ. ಹಾಗಾಗಿ ಪ್ಲಾನ್ ಮಾಡುವ ದಿನವೇ ಕೆಲವು ಪ್ರಶ್ನೆ ಕೇಳುತ್ತೇನೆ. ನಿಮ್ಮ ಊರಿಗೂ ಆಸ್ಪತ್ರೆಗೂ ನಡುವೆ ಎಷ್ಟು ಹೊಳೆ? ಮಳೆಗಾಲದಲ್ಲಿ ಮುಳುಗುವ ಸೇತುವೆ ಯಾವುದು? ಕಟಾವಿಗೆ ಪಾಳಿ ಯಾವಾಗ ಬರುತ್ತದೆ? ಸಹೋದ್ಯೋಗಿಯೊಬ್ಬರು ಇದೆಲ್ಲ ಸೋಷಿಯಲ್ ವರ್ಕರ್ ಕೆಲಸ ಎಂದರು. ಇರಬಹುದು. ಆದರೆ ಉತ್ತರ ಬರುವುದು ಗ್ರೇಯಲ್ಲಿ, ಅದನ್ನು ಲೆಕ್ಕ ಹಾಕಬೇಕಾದವನು ನಾನು. ತಪ್ಪಿದ ದಿನಗಳನ್ನು ಮರಳಿ ಪಡೆಯಲು ಉಪಾಯಗಳೂ ಇವೆ: ಶನಿವಾರ ಒಂದು ಸಲ ಕೊಡಬಹುದು, ಕನಿಷ್ಠ ಆರು ಗಂಟೆಯ ಅಂತರ ಬಿಟ್ಟು ಒಂದೇ ದಿನ ಎರಡು ಸಲ ಕೊಡಬಹುದು, ಎರಡೂ ಆಗದಿದ್ದರೆ ಡೋಸನ್ನೇ ತಿದ್ದಬೇಕು. ಮೊದಲ ಎರಡು ಒಳ್ಳೆಯವು, ಮೂರನೆಯದರಲ್ಲಿ ಒಳ್ಳೆಯ ಜೀವಕಣಗಳೂ ದಂಡ ತೆರುತ್ತವೆ. ಯಾವುದನ್ನು ಮಾಡಬೇಕಾದರೂ ತಪ್ಪಿದ ವಾರದೊಳಗೇ ಗೊತ್ತಾಗಬೇಕು. ಯಂತ್ರವೇ ಕೆಟ್ಟು ನಿಂತ ದಿನವನ್ನೂ ಇದೇ ಪಟ್ಟಿಗೆ ಬರೆಯಬೇಕು. ಗೆಡ್ಡೆಗೆ ಕಾರಣ ಬೇಕಾಗಿಲ್ಲ.

ಹತ್ತಿರದಲ್ಲೇ ಯಂತ್ರ ಬೇಕೆಂಬ ಬೇಡಿಕೆ ನ್ಯಾಯವಾದದ್ದು. ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ರಗಳೆಯಲ್ಲಿ ನಡೆಯುವ ಭಾಭಾಟ್ರಾನ್ ಎಂಬ ಕೋಬಾಲ್ಟ್ ಯಂತ್ರವನ್ನು ಟ್ರಾಂಬೆಯವರೂ ಬೆಂಗಳೂರಿನ ಪನೇಸಿಯಾ ಕಂಪನಿಯವರೂ ಸೇರಿ ಮಾಡಿದ್ದು ಇಂಥ ಊರುಗಳನ್ನು ನೆನೆದೇ. ಯಂತ್ರದ ಜೊತೆ ಅದನ್ನು ಅಳೆಯುವವರೂ ಬೇಕು, ಅಳೆದವರನ್ನು ಅಳೆಯುವವರೂ ಬೇಕು ಎಂಬುದನ್ನು ಮಾತ್ರ ಮರೆಯಬಾರದು. ಅಲ್ಲಿಯವರೆಗೆ ಆಸ್ಪತ್ರೆಯ ಪಕ್ಕ ಏಳು ವಾರ ಇರಲು ಒಂದು ಚಾಪೆಯಷ್ಟು ಜಾಗ, ಎರಡು ಹೊತ್ತಿನ ಊಟ ಸಿಕ್ಕರೂ ಅದು ಶೇಕಡಾವಾರಿನಲ್ಲಿ ಎಣಿಸಬಹುದಾದ ಚಿಕಿತ್ಸೆ.

ಇದನ್ನು ಓದುತ್ತಿರುವವರ ಮನೆಯಲ್ಲೋ ಓಣಿಯಲ್ಲೋ ಯಾರಾದರೂ ಬಾಯಿ, ಗಂಟಲಿನ ಕರೆಂಟಿಗೆ ಹೊರಟಿದ್ದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಮೂರನೇ ವಾರದ ಸುಮಾರಿಗೆ ಬಾಯಿ ಹುಣ್ಣಾಗತೊಡಗುತ್ತದೆ. ಐದನೇ ವಾರಕ್ಕೆ ರೊಟ್ಟಿ ಇರಲಿ, ಅಂಬಲಿಯೂ ಇಳಿಯುವುದಿಲ್ಲ. "ಸಾಕ್ ಮಾಡ್ರಿ, ಒಂದ್ ವಾರ ಸುದಾರಿಸ್ಕೊಂಡ್ ಬರ್ತೀನಿ" ಎಂದು ರೋಗಿ ಕೇಳುವುದು ಆಗಲೇ. ಮನೆಯವರಿಗೂ ಕರುಳು ಚುರ್ ಎನ್ನುತ್ತದೆ, ಹೌದೆನ್ನುತ್ತಾರೆ. ಗೆಡ್ಡೆ ಬೇಗ ಬೇಗ ಹೆಚ್ಚುವ ವಾರಗಳೂ ಅವೇ, ಒಂದು ದಿನದ ಬೆಲೆ 0.6 ಗ್ರೇ ಆಗುವುದೂ ಆಗಲೇ. ಊಟ ಇಳಿಯದಿದ್ದರೆ ಮೂಗಿನ ನಳಿಗೆ ಹಾಕುತ್ತಾರೆ, ನೋವಿಗೆ ಔಷಧ ಇದೆ, ಡಾಕ್ಟರಿಗೆ ಹೇಳಬೇಕು. ದಿನ ಮಾತ್ರ ಬಿಡಬಾರದು. ಐದನೇ ವಾರದಿಂದ ಏಳನೇ ವಾರದವರೆಗೆ ನೀರು ಹಾಯಿಸುವವರು ಯಾರು, ದನಕ್ಕೆ ಮೇವು ತರುವವರು ಯಾರು, ಬೆಳಗಿನ ರೈಲಿಗೆ ಕುಡಚಿ ಸ್ಟೇಷನ್ನಿಗೆ ಬೈಕಿನಲ್ಲಿ ಬಿಡುವವರು ಯಾರು ಎಂಬುದನ್ನು ಚಿಕಿತ್ಸೆ ಶುರುವಾಗುವ ಮೊದಲೇ ಕೂತು ಮಾತಾಡಿಕೊಳ್ಳಿ. ಹೆಸರು ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.